ಪೂರ್ವಕ್ಕೆ ಹೋದವರ ಹೆಳವ

ಹೆಳವಜ್ಜ ತೀರಿಕೊಂಡು ಎರಡು ತಿಂಗಳಾಯಿತು. ಸತ್ತವರ ಬಗ್ಗೆ ಒಳ್ಳೆಯದನ್ನೇ ಬರೆಯಬೇಕು ಎನ್ನುತ್ತಾರೆ. ಒಳ್ಳೆಯದು ಬೇಕಾದಷ್ಟಿದೆ, ಆದರೆ ಅವನ ಮೇಲಿನ ನನ್ನ ಸಿಟ್ಟು ಇನ್ನೂ ಇಳಿದಿಲ್ಲ. ಎರಡನ್ನೂ ಕೂಡಿಸಿಯೇ ಬರೆದುಬಿಡುತ್ತೇನೆ, ಓದುವವರು ತಮಗೆ ಬೇಕಾದ್ದನ್ನು ಆರಿಸಿಕೊಳ್ಳಲಿ.

ಅವನ ಹೆಸರು ಹಾಕುವುದಿಲ್ಲ, ಏಕೆಂದರೆ ನನಗೆ ಗೊತ್ತಿಲ್ಲ. ಒಂಬತ್ತು ವರ್ಷ ಮಾತಾಡಿಸಿಕೊಂಡಿದ್ದವಳು ಹೆಸರು ಕೇಳಲಿಲ್ಲ ಎಂದರೆ ನಾಚಿಕೆಯ ಮಾತೇ. ಮಸ್ಕಿಯಲ್ಲಿ ಎಲ್ಲರಿಗೂ ಅವನು ಹೆಳವಜ್ಜ, ಅಷ್ಟೇ. ಅವನ ಮನೆ ಲಿಂಗಸುಗೂರಿನ ಹೊರಗೆ, ಹೆಳವರ ಓಣಿಯಲ್ಲಿ. ನಾನು ಮಸ್ಕಿಯ ಪ್ರೌಢಶಾಲೆಯಲ್ಲಿ ಸಮಾಜ ಕಲಿಸುವವಳು. ದಿನಾ ಸಿಂಧನೂರಿನಿಂದ ಬಸ್ಸಿನಲ್ಲಿ ಬಂದು ಹೋಗುತ್ತೇನೆ.

ನಮ್ಮ ಕಡೆ ಒಕ್ಕಲು ಮನೆಗಳ ವಂಶಾವಳಿ ಕಾಯುವವರು ಹೆಳವರು. ಒಬ್ಬೊಬ್ಬರಿಗೆ ಇಂತಿಷ್ಟು ಊರು, ಇಂತಿಷ್ಟು ಮನೆ ಎಂದು ಹಿರಿಯರ ಕಾಲದಿಂದ ಬಂದ ಹಂಚಿಕೆ. ಸುಗ್ಗಿ ಮುಗಿದ ಮೇಲೆ ಬರುತ್ತಾರೆ. ಮನೆ ಮುಂದೆ ಗಂಟೆ ಬಾರಿಸಿ, ಮೂಲಪುರುಷನಿಂದ ಹಿಡಿದು ತೊಟ್ಟಿಲ ಕೂಸಿನವರೆಗೆ ಹೆಸರು ಓದುತ್ತಾರೆ. ಹೊಸದಾಗಿ ಹುಟ್ಟಿದವರನ್ನು ಪುಸ್ತಕಕ್ಕೆ ಸೇರಿಸಿ, ಜೋಳ ಹಾಕಿಸಿಕೊಂಡು ಮುಂದಿನ ಊರಿಗೆ ನಡೆಯುತ್ತಾರೆ. ಮೊದಲು ಎತ್ತಿನ ಮೇಲೆ ಬರುತ್ತಿದ್ದರು, ಕಾಲು ಮಡಚಿ ಮೇಲೊಂದು ಕಂಬಳಿ ಹೊದ್ದು, ನಡೆಯಲಾರದವರ ಹಾಗೆ. ಅವರ ಮೂಲದವನೊಬ್ಬ ಕುಂಟನಿದ್ದನಂತೆ, ಅದಕ್ಕೆ ಆ ಮರ್ಯಾದೆ.

ನಮ್ಮ ಹೆಳವಜ್ಜನ ಕಾಲಕ್ಕೆ ಎತ್ತು ಹೋಗಿ ಮಗನ ಟಿವಿಎಸ್ ಬಂದಿತ್ತು. ಊರ ಅಗಸಿ ಬಾಗಿಲ ತನಕ ಗಾಡಿಯ ಹಿಂದೆ ಕುಳಿತು ಬರುತ್ತಿದ್ದ. ಅಲ್ಲಿಂದ ಓದಬೇಕಾದ ಮನೆಗೆ ಸರಸರ ನಡೆದು, ಕಟ್ಟೆಯ ಮೇಲೆ ಕೂತು, ಎರಡೂ ಕಾಲು ಮಡಚಿ ಕರಿಯ ಕಂಬಳಿಯಿಂದ ಮುಚ್ಚಿಕೊಳ್ಳುತ್ತಿದ್ದ. ಅವನು ನಡೆದು ಬಂದದ್ದನ್ನು ಇಡೀ ಓಣಿ ನೋಡಿರುತ್ತಿತ್ತು. ನಾನು ಒಮ್ಮೆ ನಕ್ಕುಬಿಟ್ಟೆ.

“ನಗ್ರಿ ಅಕ್ಕೋರ, ನಗ್ರಿ,” ಎಂದ. ನಮ್ಮಲ್ಲಿ ಟೀಚರಮ್ಮನಿಗೆ ಅಕ್ಕೋರು ಎನ್ನುತ್ತಾರೆ. “ಕಾಲು ಚಾಚಿ ಕುಂತು ಓದಿದ್ರ ಸತ್ತೋರು ಬರಂಗಿಲ್ಲ.”

ಸತ್ತವರ ವಿಷಯದಲ್ಲಿ ಅವನಿಗೆ ಅನುಮಾನವೇ ಇರಲಿಲ್ಲ. “ಸತ್ತೋರು ಅನ್ನ ಕೇಳಂಗಿಲ್ರೀ, ಹೆಸರು ಕೇಳ್ತಾರ,” ಎನ್ನುತ್ತಿದ್ದ. ಬದುಕಿದ್ದವರ ಕಾಗದಪತ್ರಗಳ ಬಗ್ಗೆ ಮಾತ್ರ ತಾತ್ಸಾರ. ಆಧಾರ್ ಕಾರ್ಡು ತೋರಿಸಿದರೆ ಹಿಂದೆ ಮುಂದೆ ತಿರುಗಿಸಿ ನೋಡಿ, “ಅಪ್ಪನ ಹೆಸರು ಒಂದಾ ಐತಿ. ಒಂದು ತಲಿ ಸಲುವಾಗಿ ಇಷ್ಟು ಚಂದದ ಕಾರ್ಡು ಯಾಕ ಮಾಡ್ಯಾರ?” ಎಂದು ಮರಳಿ ಕೊಡುತ್ತಿದ್ದ. ಶಾಲೆಯ ಮಕ್ಕಳನ್ನು ಮಸ್ಕಿಯ ಗುಡ್ಡಕ್ಕೆ ಕರೆದೊಯ್ದು ಶಾಸನ ತೋರಿಸುತ್ತಿದ್ದೆ. ಅಲ್ಲಿಗೂ ಒಮ್ಮೆ ಬಂದಿದ್ದ. ಕಲ್ಲಿನ ಮೇಲೆ ರಾಜನ ಹೆಸರಿದೆ ಎಂದು ನಾನು ವಿವರಿಸಿದಾಗ, “ಬರ್ದೋನು ನಮ್ಮ ಹೆಳವನಾ ಇರಬೇಕು. ಹೆಸರು ಓದಿ ಜ್ವಾಳ ಇಸ್ಕೊಂಡು ಹೋಗ್ಯಾನ,” ಎಂದು ಮಕ್ಕಳನ್ನೆಲ್ಲ ನಗಿಸಿದ.

ಓದುವಾಗ ಮಾತ್ರ ಅವನು ಬೇರೆಯೇ ಮನುಷ್ಯ. ಕಣ್ಣು ಮುಚ್ಚಿ, ಎಡಗೈ ಕಿವಿಗೆ ಹಚ್ಚಿ, ಬಲಗೈ ಹೆಬ್ಬೆರಳಿನಿಂದ ಉಳಿದ ಬೆರಳುಗಳ ಗೆಣ್ಣು ಎಣಿಸುತ್ತಿದ್ದ. ಗೆಣ್ಣಿಗೊಂದು ತಲೆ, ತಲೆಮಾರಿಗೊಂದು ಉಸಿರು. ಮಧ್ಯೆ ಯಾರಾದರೂ ಮಾತಾಡಿಸಿದರೆ ಬಿಟ್ಟಲ್ಲಿಂದ ಹಿಡಿಯಲು ಬರುತ್ತಿರಲಿಲ್ಲ, ಮತ್ತೆ ಮೂಲಪುರುಷನಿಂದಲೇ ಶುರು. ಪುಸ್ತಕ ಪಕ್ಕದಲ್ಲಿ ಕೆಂಪು ಬಟ್ಟೆಯೊಳಗೆ ಇರುತ್ತಿತ್ತು, ಬಿಚ್ಚುತ್ತಿದ್ದದ್ದು ಹೊಸ ಹೆಸರು ಬರೆಯಲಿಕ್ಕೆ ಮಾತ್ರ. ಹಳೆಯ ಹೆಸರೆಲ್ಲ ಅವನ ಬಾಯಲ್ಲಿದ್ದವು. ಏಳೆಂಟು ವರ್ಷದವನಿದ್ದಾಗ ಅವನ ಅಜ್ಜ ಹೊಡೆದು ಬಡಿದು ಕಲಿಸಿದ್ದನಂತೆ.

ಇಂಥವನು ಒಮ್ಮೆ ನಮ್ಮ ಶಾಲೆಗೆ ಬಂದ. ನಮ್ಮ ವಿಜ್ಞಾನದ ಮೇಷ್ಟ್ರು ಶಿವರಾಜ ಸರ್ ಅವನ ಒಕ್ಕಲು ಮನೆಯವರು. ಮಸ್ಕಿಗೆ ಹತ್ತಿರದ ಹಳ್ಳಿಯ ಗೌಡರ ಮನೆತನ, ಊರಿನ ಹೆಸರು ಇಲ್ಲಿ ಬೇಡ. ವರಾಂಡದಲ್ಲಿ ಕೂತು ಒಬ್ಬೊಬ್ಬ ಮೇಷ್ಟ್ರಿಗೂ ಅವರವರ ಮುತ್ತಜ್ಜನ ಹೆಸರು ಹೇಳಿ ಚಹಾ ಕುಡಿಯುತ್ತಿದ್ದ. ನನಗೂ ಆಸೆಯಾಯಿತು. ಆಸೆ ನನ್ನದಲ್ಲ, ನಮ್ಮಪ್ಪನದು.

ನಮ್ಮದು ದಢೇಸುಗೂರು ಕಡೆಯ ಒಂದು ಕ್ಯಾಂಪು. ಕಾಲುವೆಗೆ ನೀರು ಬಂದ ಕಾಲಕ್ಕೆ ಗುಂಟೂರು ಸೀಮೆಯಿಂದ ಬಂದ ರೈತರು ಭತ್ತ ಹಚ್ಚಿ ಕಟ್ಟಿಕೊಂಡ ಊರು. ಅವರ ಗದ್ದೆಯ ಕೆಲಸಕ್ಕೆಂದು ಅವರ ಜೊತೆಗೇ ಬಂದವನು ನನ್ನಜ್ಜ, ನಮ್ಮಪ್ಪ ಆಗ ಹುಡುಗ. ಸುತ್ತಲಿನ ಹಳ್ಳಿಗಳವರಿಗೆ ನಾವು ಆಂಧ್ರದವರು. ಆಂಧ್ರದವರಿಗೆ ನಾವು ಮಸ್ಕಿವಾಳ್ಳು, ಅಂದರೆ ಮಸ್ಕಿಯವರು. ಅಲ್ಲಿ ಮನೆತನಕ್ಕೆ ಬಿಟ್ಟು ಬಂದ ಊರಿನ ಹೆಸರು ಅಂಟುತ್ತದೆ. ಅಪ್ಪನ ಅಜ್ಜ ಅಮರಪ್ಪ ಹೆಂಡತಿ ಹನುಮವ್ವನನ್ನು ಕಟ್ಟಿಕೊಂಡು ಒಂದು ಬರಗಾಲದಲ್ಲಿ ಇಲ್ಲಿಂದ ಪೂರ್ವಕ್ಕೆ ನಡೆದು ಹೋದನಂತೆ, ಕೃಷ್ಣೆಯ ಕೆಳಗೆ ಕಾಲುವೆ ತೋಡುವ ಕೆಲಸಕ್ಕೆ. ಹೋದದ್ದು ಯಾವ ಊರಿನಿಂದ, ಬಿಟ್ಟು ಹೋದದ್ದು ಯಾರನ್ನು ಎಂಬುದು ಎರಡು ತಲೆಮಾರಿನಲ್ಲಿ ಅಳಿಸಿಹೋಗಿತ್ತು.

ಅಪ್ಪನಿಗೆ ಅದು ಬೇಕಾದದ್ದು ಒಂದೇ ಕಾರಣಕ್ಕೆ: ಮಣ್ಣಿಗೆ. ಕ್ಯಾಂಪಿನಲ್ಲಿ ಸತ್ತವರನ್ನು ಸುಡುತ್ತಾರೆ. ನಮ್ಮಲ್ಲಿ ಕುಳ್ಳಿರಿಸಿ, ವಿಭೂತಿ ಇಟ್ಟು ಮಣ್ಣು ಮಾಡುತ್ತಾರೆ. ಗುಂಟೂರಿಗೆ ಹೋದರೂ ಬಿಡದೆ ಉಳಿಸಿಕೊಂಡದ್ದು ಅದೊಂದೇ ಪದ್ಧತಿ. ಆದರೆ ಹೂಳಲು ನಮಗೆ ನೆಲವಿರಲಿಲ್ಲ. ನನ್ನಜ್ಜನನ್ನು ಉಪಕಾಲುವೆಯ ದಂಡೆಯಲ್ಲಿ ಹೂಳಿದ್ದರು. ಕಾಲುವೆ ಅಗಲ ಮಾಡಲು ಜೆಸಿಬಿ ಬಂದಾಗ ದಂಡೆಯ ಜೊತೆಗೆ ಅಜ್ಜನೂ ಹೋದ. ಅವತ್ತು ಅಪ್ಪ ಅಲ್ಲಿ ನಿಂತು ನೋಡಿದ್ದ. ಅಲ್ಲಿಂದ ಶುರುವಾಯಿತು ಅವನ ಹಟ.

“ನನ್ನ ಈ ನೀಳ್ಳಾಗ ಇಡಬ್ಯಾಡಮ್ಮಾ,” ಎನ್ನುತ್ತಿದ್ದ. ಅಪ್ಪನ ಬಾಯಲ್ಲಿ ನೀರು ಎಂದಿಗೂ ನೀಳ್ಳೇ, ನಮ್ಮವರು ಮನವಾಳ್ಳೇ. “ಮನವಾಳ್ಳ ಹೊಲ ಎಲ್ಲೋ ಇರ್ತದೆ. ಒಣ ಭೂಮಿ. ಒಂದು ಮೂಲ್ಯಾಗ ಜಾಗ ಕೊಟ್ರೆ ಸಾಕು, ಬೇರೇನೂ ಕೇಳಂಗಿಲ್ಲ ನಾನು.”

ಹೀಗಾಗಿ ಅವತ್ತು ವರಾಂಡದಲ್ಲಿ ಕೇಳಿಯೇಬಿಟ್ಟೆ. “ಅಜ್ಜಾ, ಮಸ್ಕಿ ಸೀಮಿಂದ ಪೂರ್ವಕ್ಕ ಹೋದೋನು ಅಮರಪ್ಪ ಅಂತ. ಹೆಂಡತಿ ಹನುಮವ್ವ, ಆಕಿಗೆ ಒಂದು ಕಣ್ಣಿರಲಿಲ್ಲಂತ. ನಮ್ಮಪ್ಪನ ಅಜ್ಜ ಅಜ್ಜಿ. ಇಂಥವರು ನಿನ್ನ ಲೆಕ್ಕದಾಗ ಅದಾರೇನು?”

ಅವನ ಕೈಯಲ್ಲಿದ್ದ ಚಹಾದ ಬಸಿ ಬಾಯಿಗೆ ಹೋಗುತ್ತಿದ್ದದ್ದು ಅಲ್ಲೇ ನಿಂತಿತು. ನೆನಪು ಮಾಡಿಕೊಳ್ಳುತ್ತಿದ್ದಾನೆ ಎಂದುಕೊಂಡೆ.

“ಇಲ್ರೀ ಅಕ್ಕೋರ,” ಎಂದ. “ಆ ಹೆಸರು ನನ್ನ ಬಾಯಾಗ ಇಲ್ಲ.”

ಆಮೇಲೆ ಬಂದಾಗಲೆಲ್ಲ ನನ್ನನ್ನು ಮಾತಾಡಿಸದೆ ಹೋಗುತ್ತಿರಲಿಲ್ಲ. ಕಂಬಳಿಯ ಮಡಿಕೆಯಲ್ಲಿ ಬಾರಿಹಣ್ಣು, ಸೀತಾಫಲ ಕಟ್ಟಿ ತರುತ್ತಿದ್ದ. “ಅಪ್ಪಾರು ಹ್ಯಾಂಗದಾರ?” ಎಂದು ಕೇಳುತ್ತಿದ್ದ. ಶಾಲೆಯಲ್ಲಿ ಅಷ್ಟು ಜನರಿದ್ದರೂ ಅವನು ಹಾಗೆ ಕೇಳುತ್ತಿದ್ದದ್ದು ನಮ್ಮಪ್ಪನೊಬ್ಬನನ್ನೇ. ಆದರೆ ನಾನು ಕೊಟ್ಟದ್ದು ಏನನ್ನೂ ಮುಟ್ಟುತ್ತಿರಲಿಲ್ಲ. ಒಂದು ವರ್ಷ ಅಪ್ಪ ಹೊಸ ಅಕ್ಕಿಯ ಚೀಲ ಕಳಿಸಿದ್ದ. ಯಾರ ಮನೆಯದನ್ನೂ ಬೇಡವೆನ್ನದ ಮನುಷ್ಯ ಎರಡು ಕೈ ಹಿಂದೆ ಕಟ್ಟಿಕೊಂಡು, “ನಿಮ್ಮದು ನನಗ ಬರಂಗಿಲ್ರೀ ಅಕ್ಕೋರ,” ಎಂದು ಹಿಂದಕ್ಕೆ ಸರಿದ. ಕ್ಯಾಂಪಿನವರು ಅವನ ಹಂಚಿಕೆಗೆ ಸೇರುವುದಿಲ್ಲವಲ್ಲ, ನೇಮದ ಮನುಷ್ಯ ಎಂದು ನಾನು ಮೆಚ್ಚಿದೆ. ಅಪ್ಪನಿಗೂ ಹಾಗೇ ಹೇಳಿದೆ.

ಹೀಗೆ ಒಂಬತ್ತು ವರ್ಷ ನಡೆಯಿತು. ಹೋದ ವರ್ಷ ಶಿವರಾಜ ಸರ್‌ಗೆ ಗಂಡುಮಗು ಹುಟ್ಟಿತು. ಮಗುವಿನ ಹೆಸರನ್ನು ಹೆಳವನ ಪುಸ್ತಕಕ್ಕೆ ಏರಿಸುವ ದಿನ ನಮ್ಮೆಲ್ಲರನ್ನೂ ಊಟಕ್ಕೆ ಕರೆದರು. ದೊಡ್ಡ ಮನೆ. ಪಡಸಾಲೆಯಲ್ಲಿ ಅವರ ದೊಡ್ಡಪ್ಪ ಗೌಡರು ತೆಕ್ಕೆಗೆ ಕೂಸನ್ನು ಹಾಕಿಕೊಂಡು ಕೂತಿದ್ದರು. ಅಜ್ಜ ಕಟ್ಟೆಯ ಮೇಲೆ ಕಾಲು ಮುಚ್ಚಿಕೊಂಡು ಓದಲು ಶುರುಮಾಡಿದ. ಆ ವರ್ಷ ಅವನು ತುಂಬ ಇಳಿದುಹೋಗಿದ್ದ, ಬೆಳಿಗ್ಗೆ ಉಂಡದ್ದು ಮಧ್ಯಾಹ್ನಕ್ಕೆ ನೆನಪಿರುತ್ತಿರಲಿಲ್ಲ. ಆದರೂ ದನಿ ಕಂಚಿನ ಹಾಗೆ ಬರುತ್ತಿತ್ತು. ನಾಲ್ಕೋ ಐದೋ ತಲೆಮಾರು ಇಳಿದ.

“ಸಂಗನಗೌಡಗ ಇಬ್ಬರು ಮಕ್ಕಳು. ಹಿರ್ಯಾ ಬಸನಗೌಡ, ಕಿರ್ಯಾ ಅಮರಪ್ಪ. ಅಮರಪ್ಪನ ಹೇಣ್ತಿ ಹನುಮವ್ವ, ಒಕ್ಕಣ್ಣಿನಾಕಿ. ಬರದಾಗ ಪೂರ್ವಕ್ಕ ಹೋದ್ರು, ಹೊಟ್ಟ್ಯಾಗ ಕೂಸಿತ್ತು...”

ಗೌಡರು ಕೆಮ್ಮಿದರು. “ಏ ಹೆಳವಾ, ಏನ್ ಓದಾಕತ್ತೀ? ಸರಿಯಾಗಿ ಓದು.”

ಅಜ್ಜ ಕಣ್ಣು ಬಿಟ್ಟು, ಮುಚ್ಚಿ, ಮೂಲಪುರುಷನಿಂದ ಮತ್ತೆ ಶುರುಮಾಡಿದ. ಮತ್ತೆ ಅದೇ ಉಸಿರಿನಲ್ಲಿ ಅಮರಪ್ಪ ಬಂದ, ಒಕ್ಕಣ್ಣಿನ ಹನುಮವ್ವ ಬಂದಳು, ಹೊಟ್ಟೆಯ ಕೂಸು ಬಂತು. ಈ ಸಲ ಗೌಡರು ಎದ್ದು ಹೋಗಿ ಅವನ ಭುಜ ಅಲುಗಿಸಿದರು. “ಮುದುಕಗ ವಯಸ್ಸಾತು, ಬಾಯಿ ತಪ್ಪತೈತಿ,” ಎಂದು ನಮ್ಮ ಕಡೆ ನೋಡಿ ನಕ್ಕರು. ಅಜ್ಜ ಗಾಬರಿಯಿಂದ ಸುತ್ತ ನೋಡಿದ. ನಾನು ಅವನ ಕಣ್ಣಿಗೆ ಬಿದ್ದೆ. ಆಮೇಲೆ ಅವನು ಕೆಂಪು ಬಟ್ಟೆ ಬಿಚ್ಚಿ, ನಾನು ಯಾವತ್ತೂ ನೋಡದ ಹಾಗೆ, ಪುಸ್ತಕ ಹಿಡಿದು ಓದಿದ. ಪುಸ್ತಕದಲ್ಲಿ ಅಮರಪ್ಪನ ಮುಂದೆ ಎರಡೇ ಮಾತಿತ್ತು: ಸಂತಾನವಿಲ್ಲ, ಬಳ್ಳಿ ನಿಂತಿತು.

ಎಲೆಯ ಮೇಲೆ ಹೋಳಿಗೆ ಬಡಿಸಿದ್ದರು. ನಾನು ಅದನ್ನು ಮುಟ್ಟಲಿಲ್ಲ. ಒಂಬತ್ತು ವರ್ಷ ಶಿವರಾಜ ಸರ್ ಡಬ್ಬಿಯ ರೊಟ್ಟಿ ಹಂಚಿಕೊಂಡು ತಿಂದವಳು ನಾನು, ಅವರು ನನಗೆ ಅಣ್ಣ ತಮ್ಮಂದಿರ ಸಾಲಿನವರು ಎಂದು ಅವತ್ತು ಗೊತ್ತಾಯಿತು.

ಮರುದಿನವೇ ರಜೆ ಹಾಕಿ ಲಿಂಗಸುಗೂರಿಗೆ ಹೋದೆ. ಅಜ್ಜ ತಗಡಿನ ಮನೆಯ ಮುಂದೆ ಬಿಸಿಲಿಗೆ ಕೂತಿದ್ದ. ನನ್ನನ್ನು ಕಂಡು ಏಳಲು ಹೋಗಿ ಏಳಲಾಗದೆ ಕುಳಿತ.

“ಗೊತ್ತಿತ್ತಲ್ಲಾ ನಿನಗ?” ಎಂದೆ. “ಒಂಬತ್ತು ವರ್ಷ ನನ್ನ ಮುಂದ ಕುಂತು ಚಹಾ ಕುಡದೀ.”

“ಗೊತ್ತಿತ್ತವ್ವಾ.” ಅವತ್ತಿನಿಂದ ನಾನು ಅವನಿಗೆ ಅಕ್ಕೋರು ಅಲ್ಲ. “ಹನುಮವ್ವ ಅಂದ ಕೂಡ್ಲೇ ಗೊತ್ತಾತು.”

ಅವನು ಹೇಳಿದ್ದು ಇಷ್ಟು. ಅವನಜ್ಜ ಬಾಯಲ್ಲಿ ಕಲಿಸಿದಾಗ ಅಮರಪ್ಪ ವಂಶಾವಳಿಯಲ್ಲಿ ಇದ್ದ, ಪೂರ್ವಕ್ಕೆ ಹೋದವನು ಎಂದು. ಪೂರ್ವಕ್ಕೆ ಹೋದವರನ್ನು ಹುಡುಕಿಕೊಂಡು ಹೋಗುವುದೂ ಹೆಳವನ ಕೆಲಸವೇ. ಅಷ್ಟರಲ್ಲಿ ಹೊಲಗಳ ಸರ್ವೆ ಬಂತು, ಯಾರ ಪಾಲು ಎಷ್ಟು ಎಂದು ಬರೆಯುವ ಕಾಲ. ಬಸನಗೌಡನ ಮಗ ಈ ಹೆಳವನ ಅಪ್ಪನನ್ನು ಕರೆಸಿ, ಕೊಟ್ಟಿಗೆಯಿಂದ ಒಂದು ಬಿಳಿ ಎತ್ತು ಬಿಚ್ಚಿ ಕೈಗೆ ಹಗ್ಗ ಕೊಟ್ಟ. ಅವನಪ್ಪ ಆ ಪುಟವನ್ನು ಕಿತ್ತು ಹೊಸದಾಗಿ ಬರೆದ.

“ಆ ಎತ್ತಿನ ಮ್ಯಾಲ ನಾನಾ ಕುಂತು ತಿರಗೀನವ್ವಾ, ಹನ್ನೆರಡು ವರ್ಷದ ಹುಡುಗ. ಹೊಸಾ ಓದು ಕಲಿ ಅಂತ ನಮ್ಮಪ್ಪ ಹೊಡದ. ಕಲತೆ. ಈಗ ನೋಡು, ವಯಸ್ಸಾದ ಮ್ಯಾಲ ಅಪ್ಪ ಕಲಿಸಿದ್ದು ಮರತು ಹೊಂಟೈತಿ, ಅಜ್ಜ ಕಲಿಸಿದ್ದು ಬರಾಕತ್ತೈತಿ.” ಆಮೇಲೆ, “ತಾನಾ ಬಳ್ಳಿ ಕಡದ ಮನೀದು ಕಾಳು ತಿಂದ್ರ ಹೆಳವಗ ಹುಳ ಬೀಳ್ತಾವು. ಅದಕ್ಕಾ ನಿಮ್ಮ ಅಕ್ಕಿ ಬ್ಯಾಡಂದೆ,” ಎಂದ.

ನಾನು ಬೈದೆ. ಟೀಚರಮ್ಮ ಆಡಬಾರದ ಮಾತುಗಳನ್ನೂ ಆಡಿದೆ. ಅವನು ಎಲ್ಲಕ್ಕೂ ಹೌದವ್ವಾ ಎನ್ನುತ್ತಿದ್ದ. ಕೊನೆಗೆ ಬೇಡಿಕೊಂಡೆ. “ನಮಗ ಹೊಲ ಬ್ಯಾಡ, ಪಾಲು ಬ್ಯಾಡ, ಬಾಂಡ್ ಕಾಗದದ ಮ್ಯಾಲ ಬರ್ದು ಕೊಡ್ತೀನಿ. ನಮ್ಮಪ್ಪಗ ಮಣ್ಣು ಬೇಕು, ಒಂದು ಕುಣಿಯಷ್ಟು. ನೀನು ಗೌಡರ ಮುಂದ ನಿಮ್ಮಜ್ಜ ಕಲಿಸಿದ್ದು ಓದು. ಹೆಳವ ಓದಿದ್ರ ಅವರು ಇಲ್ಲ ಅನ್ನಾಕ ಬರಂಗಿಲ್ಲ.”

“ಓದ್ತೀನವ್ವಾ,” ಎಂದ. ಗಂಟೆಯ ಮೇಲೆ ಕೈಯಿಟ್ಟು ಹೇಳಿದ. ಹೆಳವನಿಗೆ ಅದಕ್ಕಿಂತ ದೊಡ್ಡ ಆಣೆಯಿಲ್ಲ.

ಶಿವರಾಜ ಸರ್ ಒಳ್ಳೆಯವರು. ಹೇಳಿದಾಗ ಮುಖ ಬಿಳಿಚಿಕೊಂಡರೂ ದೊಡ್ಡಪ್ಪನನ್ನು ಒಪ್ಪಿಸಿದರು. ಹೆಳವ ಓದಲಿ, ಓದಿದರೆ ನೋಡೋಣ ಎಂದರಂತೆ ಗೌಡರು. ಒಂದು ಸೋಮವಾರ ಅಪ್ಪನನ್ನು ಬಾಡಿಗೆ ಕಾರಿನಲ್ಲಿ ಕರೆದುಕೊಂಡು ಹೋದೆ. ಒಗೆದ ಧೋತರ, ಹಣೆಗೆ ವಿಭೂತಿ. ಆಗಲೇ ಅವನಿಗೆ ಉಸಿರು ಹಿಡಿಯುತ್ತಿತ್ತು. ಗೌಡರು ಮರ್ಯಾದೆಯಿಂದ ಬರಮಾಡಿಕೊಂಡರು, ಕುರ್ಚಿ ಹಾಕಿಸಿದರು, ಚಹಾ ಕೊಟ್ಟರು. ಅಪ್ಪ ಕುರ್ಚಿ ಬಿಟ್ಟು ಕಟ್ಟೆಯ ಮೇಲೆ ಕುಳಿತು, ಕಂಬದ ಬುಡವನ್ನು ಕೈಯಿಂದ ಸವರಿ ನೋಡುತ್ತಿದ್ದ.

ಅಜ್ಜ ಬಂದ. ಕಾಲು ಮುಚ್ಚಿಕೊಂಡ. ಗಂಟೆ ಬಾರಿಸಿದ. ಗೌಡರ ಕಡೆ ಒಮ್ಮೆ ನೋಡಿದ. ಗೌಡರು ಏನೂ ಹೇಳಲಿಲ್ಲ, ಕಣ್ಣನ್ನೂ ಕೆಂಪು ಮಾಡಲಿಲ್ಲ, ಸುಮ್ಮನೆ ನೋಡಿದರು. ಅಜ್ಜ ಕೆಂಪು ಬಟ್ಟೆ ಬಿಚ್ಚಿ ಪುಸ್ತಕ ತೆಗೆದ.

“ಹಿರ್ಯಾ ಬಸನಗೌಡ, ಕಿರ್ಯಾ ಅಮರಪ್ಪ. ಅಮರಪ್ಪಗ ಸಂತಾನವಿಲ್ಲ. ಬಳ್ಳಿ ನಿಂತಿತು.”

ಅಪ್ಪ ನನ್ನ ಕಡೆ ತಿರುಗಿ, ನಿಜವಾಗಿಯೂ ತಿಳಿಯದವನ ಹಾಗೆ, “ಹಂಗಾದ್ರೆ ನಾನು ಯಾರಮ್ಮಾ?” ಎಂದು ಕೇಳಿದ.

ಅಜ್ಜ ತಲೆ ಎತ್ತಲಿಲ್ಲ. ಪುಸ್ತಕದ ಅಂಚಿನಲ್ಲಿ ಅವನ ಬಲಗೈ ಕಾಣುತ್ತಿತ್ತು. ಹೆಬ್ಬೆರಳು ಗೆಣ್ಣುಗಳ ಮೇಲೆ ಓಡುತ್ತಲೇ ಇತ್ತು. ಬಾಯಿ ಅವನಪ್ಪ ಕಲಿಸಿದ್ದನ್ನು ಓದಿ ಮುಗಿಸಿತ್ತು, ಬೆರಳು ಅವನಜ್ಜ ಕಲಿಸಿದ್ದನ್ನು ಎಣಿಸುತ್ತಿತ್ತು. ಅವನನ್ನು ಕ್ಷಮಿಸಲು ನನಗೆ ಆಗದಿರುವುದು ಆ ಹೆಬ್ಬೆರಳಿಗಾಗಿ. ಮರೆತು ಓದಿದ್ದರೆ ಕ್ಷಮಿಸುತ್ತಿದ್ದೆ.

ಅವನ ಭಯವೂ ನನಗೆ ಅರ್ಥವಾಗುವುದಿಲ್ಲವೆಂದಲ್ಲ. ಒಂದು ಗೌಡಕಿ ಮನೆ ಬಾಗಿಲು ಹಾಕಿದರೆ ಊರೇ ಬಾಗಿಲು ಹಾಕುತ್ತದೆ. ಆ ಊರು ನೋಡಿ ಅಕ್ಕಪಕ್ಕದ ಊರು. ಸುಳ್ಳು ಪುಟದ ಹೆಳವ ಎಂದರೆ ಅವನ ಮಗನ ಕೈಗೂ ಯಾರೂ ಕಾಳು ಹಾಕುವುದಿಲ್ಲ. ಮುಖ ನೋಡಿ ಇಲ್ಲವೆನ್ನುವ ತಾಕತ್ತು ಆ ಜನಕ್ಕೆ ಯಾವ ಕಾಲಕ್ಕೂ ಇರಲಿಲ್ಲ. ಅವನು ಕೆಟ್ಟವನಲ್ಲ, ಪುಕ್ಕಲ. ನಮ್ಮ ಪಾಲಿಗೆ ಎರಡಕ್ಕೂ ವ್ಯತ್ಯಾಸವಾಗಲಿಲ್ಲ.

ಕಾರಿನಲ್ಲಿ ಅಪ್ಪ ಸಿಂಧನೂರಿನ ತನಕ ಬಾಯಿ ಬಿಡಲಿಲ್ಲ. ಊರು ಹತ್ತಿರವಾದ ಮೇಲೆ, “ಆ ಪೆದ್ದಾಯನ ಗಂಟಲು ಬಾಳ ಚಂದದಮ್ಮಾ,” ಎಂದ. ಪೆದ್ದಾಯನ ಎಂದರೆ ತೆಲುಗಿನಲ್ಲಿ ಹಿರಿಯ. ಮತ್ತೆ ಆ ವಿಷಯ ಎತ್ತಲಿಲ್ಲ. ಶಿವರಾಜ ಸರ್ ಒಂದು ದಿನ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದಾಗ, “ಅಪ್ಪಾಜಿಯವರು ಕೋರ್ಟಿಗೆ ಏನಾರ ಹೋಗ್ತಾರೇನ್ರೀ ಮೇಡಂ?” ಎಂದು ಕೇಳಿದರು. ಇಲ್ಲ ಎಂದೆ. ಅವರಿಗೆ ಎಷ್ಟು ಸಮಾಧಾನವಾಯಿತೆಂದರೆ, ನನಗೆ ಅವರ ಮುಖ ನೋಡಲಾಗಲಿಲ್ಲ. ಆಮೇಲೆ ನಾವು ಡಬ್ಬಿ ಹಂಚಿಕೊಳ್ಳುವುದು ನಿಂತಿತು.

ಅಪ್ಪ ಹೋದದ್ದು ನಾಟಿಯ ಕಾಲಕ್ಕೆ. ಕಾಲುವೆಗೆ ನೀರು ಬಿಟ್ಟು ವಾರವಾಗಿತ್ತು, ಸುತ್ತ ಎಲ್ಲಿ ನೋಡಿದರೂ ಗದ್ದೆಯಲ್ಲಿ ಮೊಣಕಾಲ ನೀರು. ಸುಡೋಣ ಎಂದು ಕ್ಯಾಂಪಿನ ಹಿರಿಯರು ಹೇಳಿದರು. ನಾನು ಒಪ್ಪಲಿಲ್ಲ. ಹಳ್ಳದ ಆಚೆ ಸರ್ಕಾರಿ ಜಾಗದಲ್ಲಿ ನನ್ನ ಗಂಡ ಮತ್ತು ನಾಲ್ಕು ಜನ ಸೇರಿ ಕುಣಿ ತೋಡಿದರು. ಎರಡು ಮೊಳ ಹೋಗುವಷ್ಟರಲ್ಲಿ ತಳದಲ್ಲಿ ನೀರು ಒಸರಿತು. ಬೇರೆ ಕಡೆ ತೋಡಿದರು, ಅಲ್ಲಿಯೂ ನೀರು. ಬಕೆಟ್ಟಿನಿಂದ ಮೊಗೆದು ಚೆಲ್ಲಿದಷ್ಟೂ ಬರುತ್ತಿತ್ತು. ಸಾಲಗುಂದದಿಂದ ಕ್ರಿಯೆ ಮಾಡಿಸಲು ಬಂದಿದ್ದ ಅಯ್ಯನವರು, “ಇನ್ನ ಕಾಯಾಕ ಆಗಂಗಿಲ್ಲ, ಇಳಸ್ರಿ,” ಎಂದರು. ಇಳಿಸಿದರು. ಕುಳಿತ ಅಪ್ಪನ ಸೊಂಟದ ತನಕ ಕೆಸರು ನೀರು ಬಂತು. ವಿ‍ಭೂತಿ ಕರಗಿ ನೀರು ಬೆಳ್ಳಗಾಯಿತು. ಮೇಲೆ ಮಣ್ಣು ಹಾಕಿದಾಗ ಧಪ್ಪೆಂದು ಸದ್ದಾಗಲಿಲ್ಲ, ಚಿಳ್ ಎಂದು ಸಿಡಿಯಿತು. ನೀಳ್ಳಾಗ ಇಡಬ್ಯಾಡ ಎಂದು ವರ್ಷಗಟ್ಟಲೆ ಕೇಳಿಕೊಂಡ ಮನುಷ್ಯನನ್ನು ನಾನೇ ನಿಂತು ನೀರಿನಲ್ಲಿ ಇಡಿಸಿದೆ.

ಹನ್ನೊಂದನೆಯ ದಿನ ಮಧ್ಯಾಹ್ನ ಗಂಟೆಯ ಸದ್ದು ಕೇಳಿ ಹೊರಗೆ ಬಂದೆ. ಹೆಳವಜ್ಜ. ಟಿವಿಎಸ್ ಇಲ್ಲ, ಮಗನೂ ಇಲ್ಲ. ಲಿಂಗಸುಗೂರಿನಿಂದ ಬಸ್ಸು ಬದಲಿಸುತ್ತ ಬಂದು, ಕಾಲುವೆಯ ದಾರಿಯಲ್ಲಿ ನಡೆದು ಬಂದಿದ್ದ. ನಡೆದದ್ದು ಎಲ್ಲರಿಗೂ ಕಾಣುತ್ತಿತ್ತು, ಮೊಣಕಾಲಿನವರೆಗೆ ಕೆಸರು. ಒಳಗೆ ಬಾ ಎಂದು ನಾನು ಕರೆಯಲಿಲ್ಲ. ಅಂಗಳದಲ್ಲೇ ಕುಳಿತು ಕಾಲು ಮಡಚಿ ಕಂಬಳಿ ಹೊದ್ದ. ಕ್ಯಾಂಪಿನವರು ಸುತ್ತ ನೆರೆದರು. ಅವರಿಗೆ ಇದೊಂದು ಹೊಸ ಆಟ.

ಕಣ್ಣು ಮುಚ್ಚಿ ಓದಿದ. ಮೂಲಪುರುಷನಿಂದ ಹಿಡಿದು ಸಂಗನಗೌಡನ ತನಕ, ಸಂಗನಗೌಡನಿಂದ ಅಮರಪ್ಪನ ತನಕ, ಒಕ್ಕಣ್ಣಿನ ಹನುಮವ್ವ, ಪೂರ್ವಕ್ಕೆ ಹೋದದ್ದು, ಹೊಟ್ಟೆಯ ಕೂಸು. ಅಲ್ಲಿಗೆ ನಿಂತು ನನ್ನ ಕಡೆ ನೋಡಿದ. ಮುಂದಿನದು ಅವನ ಬಾಯಲ್ಲಿರಲಿಲ್ಲ. ನಾನು ಕೊಟ್ಟೆ: ಹೊಟ್ಟೆಯ ಕೂಸು ನನ್ನಜ್ಜ ವೀರಣ್ಣ, ವೀರಣ್ಣನ ಹೆಂಡತಿ ಸೀತಮ್ಮ, ಅವರ ಮಗ ಅಮರಯ್ಯ. ಅವನು ಮತ್ತೆ ಬುಡದಿಂದ ಶುರುಮಾಡಿ, ಈ ಹೆಸರುಗಳನ್ನೂ ಪೋಣಿಸಿಕೊಂಡು, ಒಂದು ಕಡೆಯೂ ತಡವರಿಸದೆ ನಮ್ಮಪ್ಪನ ತನಕ ಬಂದು ಮುಟ್ಟಿದ. ನನ್ನ ಗಂಡ ನನ್ನ ಭುಜ ಹಿಡಿದುಕೊಂಡಿದ್ದ. ಆ ದನಿ ನಿಜವಾಗಿಯೂ ಚಂದವಿತ್ತು. ಕೇಳಬೇಕಾದವನು ಹಳ್ಳದ ಆಚೆ ಇದ್ದ.

ಆಮೇಲೆ ಪುಸ್ತಕ ಬಿಚ್ಚಿದ. ಅಮರಪ್ಪನ ಮುಂದಿದ್ದ ಎರಡು ಮಾತನ್ನು ಬಾಲ್‌ಪೆನ್ನಿನಿಂದ ಹೊಡೆದುಹಾಕಿ, ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಬರೆಯತೊಡಗಿದ. ಬಹಳ ಹೊತ್ತು ಹಿಡಿಯಿತು. ಬರೆದಾದ ಮೇಲೆ ಗಟ್ಟಿಯಾಗಿ ಓದಿ ಹೇಳುವುದು ಪದ್ಧತಿ.

“ವೀರಣ್ಣನ ಮಗ ಅಮರಯ್ಯ. ಕ್ಯಾಂಪಿನಾಗ ಮಣ್ಣಾದ. ಗಂಡು ಸಂತಾನವಿಲ್ಲ. ಬಳ್ಳಿ ನಿಂತಿತು.”

“ಅಜ್ಜಾ,” ಎಂದೆ, “ನಾನು ಇಲ್ಲಿ ನಿಂತೀನಿ.”

“ಹೆಣ್ಣುಮಕ್ಕಳು ಗಂಡನ ಮನಿ ಪುಸ್ತಕಕ್ಕ ಹೋಗ್ತಾರವ್ವಾ.”

“ನನ್ನ ಗಂಡನ ಮನ್ಯಾಗ ಪುಸ್ತಕನಾ ಇಲ್ಲ. ತೆಲುಗ್ರು ಅವರು. ಅವರಿಗೆ ಹೆಳವರಿಲ್ಲ.”

ಅವನು ನನ್ನ ಗಂಡನನ್ನು ನೋಡಿದ, ನನ್ನನ್ನು ನೋಡಿದ, ಪುಟದಲ್ಲಿ ಅಪ್ಪನ ಹೆಸರಿನ ಕೆಳಗೆ ಉಳಿದಿದ್ದ ಖಾಲಿ ಜಾಗವನ್ನು ನೋಡಿದ. ಪೆನ್ನು ಕೈಯಲ್ಲೇ ಇತ್ತು. ಅವನು ಬರೆದುಬಿಡುತ್ತಾನೆ ಎಂದು ಒಂದು ಗಳಿಗೆ ನನಗೆ ಅನ್ನಿಸಿತು. ಅವನು ಪೆನ್ನಿನ ಟೋಪಿ ಹಾಕಿ ಜೇಬಿಗೆ ಸಿಗಿಸಿದ.

“ಸುಳ್ಳು ಬರ್ಯಾಕ ಬರಂಗಿಲ್ಲವ್ವಾ,” ಎಂದ. “ಇನ್ನ ಬರ್ಯಂಗಿಲ್ಲ ಅಂತ ಗಂಟಿ ಮುಟ್ಟೀನಿ.”